ಡಬಲ್ ರೇಟು

ರಬಕವಿಯ ನೇಕಾರ ಓಣಿಯೊಳಗ
ನಂದೊಂದು ರಿಪೇರಿ ಅಂಗಡಿ, ಆರು ಫೂಟು ಅಗಲ.
ಬಾಗಲ ಮ್ಯಾಲ ಸುಣ್ಣದಲೆ ಬರದೀನಿ:
‘ಮನ್ಯಾಗ ಉಪಾಯ ಮಾಡಿ ಕೆಡಿಸಿ ತಂದ ಸಾಮಾನಿಗೆ
ಡಬಲ್ ರೇಟು.’
ಓದಿ ನಗತಾರ. ನಕ್ಕೋತನ ತರತಾರ.

ತವನಪ್ಪ ಮಾಸ್ತರರ ಮೊಬೈಲು ಬಚ್ಚಲದಾಗ ಬಿದ್ದಿತ್ತು.
ಮೂರು ದಿನ ಜ್ವಾಳದ ಚೀಲದಾಗ ಹುಗದಿಟ್ಟಾರ,
ಮ್ಯಾಲ ನಾಕು ಬೇವಿನ ಎಲಿ, ಹುಳ ಹತ್ತಬಾರದಂತ.
ಬಿಚ್ಚಿ ನೋಡಿದೆ:
ಚಾರ್ಜರ್ ತೂತಿನ್ಯಾಗ ಜ್ವಾಳದ ನುಚ್ಚು,
ಒಳಗಿನ ನೀರು ಒಳಗ.
‘ಮಾಸ್ತರ, ಇನ್ನೆರಡು ದಿನ ಬಿಟ್ಟಿದ್ರ ಮೊಳಕಿ ಒಡೀತಿತ್ತು.’
‘ಸಿಮ್ ತಗದು ಕೊಡು, ಬೆಳಿ ನೀನ ಇಟಗೋ’ ಅಂದ್ರು.

ಕಲ್ಲವ್ವ ಫ್ಯೂಸಿನ ತಂತಿ ಬದಲಿ
ತುರುಬಿನ ಪಿನ್ನು ಸಿಗಿಸಿದ್ಲು.
ಪಿನ್ನು ಸುಡಲಿಲ್ಲ, ಸುಟ್ಟು ಸಾಯೂ ಜಾತಿ ಅಲ್ಲ ಅದು.
ಅದರ ಬದಲಿ ಮಿಕ್ಸರು ಸುಡ್ತು, ಟೀವಿ ಸುಡ್ತು,
ಗ್ವಾಡಿಯೊಳಗಿನ ವೈರು ಅಡಗಿ ಮನಿ ತನಕ ಕರ್ರಗಾತು.
‘ಪಿನ್ನು ಭಾಳ ಗಟ್ಟಿ ಐತಿ ನೋಡಪಾ’ ಅಂತ
ಹೊಳ್ಳಿ ತುರುಬಿಗೆ ಸಿಗಿಸಿಕೊಂಡು ಹೋದ್ಲು.

ಗೈಬುಸಾಬನ ಮಾಳಿಗಿ ಮ್ಯಾಲ ಅಂಟೆನಾಕ್ಕ
ಹಂಡೇದ ಮುಚ್ಚಳ ಕಟ್ಟೈತಿ.
ಚಿತ್ರ ಸ್ವಚ್ಛ, ಸುಳ್ಳು ಹೇಳೂದಿಲ್ಲ.
ಬೀಗರು ಉಣ್ಣಾಕ ಬಂದ ದಿನ ಮಾತ್ರ
ಅವರ ಮನ್ಯಾಗ ಬಾತ್ಮಿ ಬರೂದಿಲ್ಲ.

ಇನ್ನ ಬಾಳವ್ವ.
ರಿಮೋಟಿನ ಸೆಲ್ಲು ಮುಗಿದ್ರ ಮೊದಲ ಹಲ್ಲಿಲೆ ಕಚ್ಚತಾಳ,
ಬಾಯಾಗ ಉಳದಾವ ಐದ ಹಲ್ಲು, ಅವನ್ನೂ ಬಿಡೂದಿಲ್ಲ.
ಆಮ್ಯಾಲ ಬಿಸಲಿಗೆ, ಶ್ಯಾವಿಗಿ ಪಕ್ಕ, ಸೀರಿ ಮ್ಯಾಲ ಒಣಾಕ.
ಸುಳ್ಳು ಅಂತ ತೋರಿಸಾಕ ಮೀಟರ್ ಹಿಡಕೊಂಡು ಹೋದೆ.
ಮುಂಜಾನಿ ಮುಳ್ಳು ಮಲಗಿತ್ತು.
ಸಂಜೀಕ ಎದ್ದು ಕುಂತಿತ್ತು.
‘ಏನಂತೈತಿ ನಿನ್ನ ಗಡಿಯಾರ?’ ಅಂದ್ಲು.
ನಾ ಏನೂ ಅನ್ನಲಿಲ್ಲ.
ಒಂದು ಸೇರು ಶ್ಯಾವಿಗಿ ಇಸಕೊಂಡು ಬಂದೆ.
ಅಕಿಗೆ ಡಬಲ್ ಹಚ್ಚೂದಿಲ್ಲ.

ನಿನ್ನೆ ಮುರಿಗೆಪ್ಪನ ಹುಡುಗ ಸಮರ್ಥ ಬಂದ, ಆರನೇ ಇಯತ್ತೆ.
‘ಕಾಕಾ, ಎರಡು ಬ್ಲೇಡಿಗೆ ವೈರು ಕಟ್ಟಿ
ನೀರಾಗ ಬಿಟ್ರ ಚಾ ಕುದೀತೈತಂತ, ಖರೇ ಏನು?’

ಅಷ್ಟರಾಗ ಕರೆಂಟ್ ಹೋತು.
ಓಣಿ ತುಂಬ ಖಟಕ್ ಖಟಕ್ ಅನ್ನೂ ಮಗ್ಗ ಎಲ್ಲಾ
ಒಮ್ಮೆಲೆ ಬಾಯಿ ಮುಚ್ಚಿದ್ವು.
ಅವನ ಮಾತು ಭಾಳ ದೊಡ್ಡದಾಗಿ ಕೇಳಿಸ್ತು.

ಖರೇ ಐತಿ ತಮ್ಮಾ. ಖರೇ ಐತಿ ಅನ್ನೂದ ತ್ರಾಸು.
ವಿಜಾಪುರದ ಬೋರ್ಡಿಂಗು, ಹನ್ನೊಂದನೇ ಖೋಲಿ,
ಪರೀಕ್ಷಾದ ರಾತ್ರಿ, ಸ್ಟೀಲ್ ತಂಬಿಗಿ.
ಹಿಡದದ್ದು ನಾನಲ್ಲ, ಅದ ನನ್ನ ಹಿಡದಿತ್ತು.
ರೇವಣಸಿದ್ದ ಕಟಗಿ ಕುರ್ಚಿಲೆ ಹೊಡದು ಬಿಡಿಸಿದ.
ಇವತ್ತಿಗೂ ಈ ಉಂಗುರಬಳ್ಳಿಗೆ
ಬಿಸಿ, ತಂಪು ಎರಡರ ಸುದ್ದೀನೂ ಮುಟ್ಟೂದಿಲ್ಲ.
ಸಾಲ್ಡರ್ ತಾಗಿದ್ರ ವಾಸನಿ ಬಂದ ಮ್ಯಾಲ ಗೊತ್ತಾಗತೈತಿ.
(ಆ ಚಾ ರೇವಣಸಿದ್ದ ಕುಡದ.
ಛಲೋ ಆಗಿತ್ತಂತ.)

ಹುಡುಗ ಬಳ್ಳು ಮುಟ್ಟಿ ನೋಡಿದ.
ಉಗುರಿಲೆ ಚೂಟಿದ. ನನ್ನ ಮಾರಿ ನೋಡಿದ.
ಮತ್ತೊಮ್ಮೆ ಚೂಟಿದ.

ಟಾರ್ಚಿನ ಒಂದು ಸೆಲ್ಲು, ಕಡ್ಲಿಕಾಳಿನಷ್ಟು ಬಲ್ಬು,
ಎರಡು ತುಂಡು ವೈರು ಅವನ ಕೈಯಾಗ ಇಟ್ಟೆ.
‘ಒಂದೂವರಿ ವೋಲ್ಟು. ಇದರಾಗ
ಎಷ್ಟ್ ಬೇಕಷ್ಟು ತಪ್ಪು ಮಾಡು.
ನಿಂಬಿಹಣ್ಣಿಗೆ ಚುಚ್ಚು, ಉಪ್ಪಿನ್ಯಾಗ ಅದ್ದು,
ನಿಮ್ಮಮ್ಮನ ಚಮಚ ಕದಿ.
ಗ್ವಾಡಿಯೊಳಗಿನ ತೂತಿನ ಸುದ್ದಿಗೆ ಮಾತ್ರ ಹೋಗಬ್ಯಾಡ.’
‘ರೊಕ್ಕ ಎಷ್ಟು ಕಾಕಾ?’
‘ಕೆಟ್ಟ ಮ್ಯಾಲ ತಗೊಂಡು ಬಾ, ಡಬಲ್.’

ಓಡಿ ಹೋದ.
ಕರೆಂಟ್ ಬರಲಿಲ್ಲ.
ಅತ್ತಿತ್ತ ನೋಡಿದೆ, ಗಿರಾಕಿ ಯಾರೂ ಇಲ್ಲ.
ಡಬ್ಬ್ಯಾಗಿನ ಹಳೇ ಒಂಬತ್ತು ವೋಲ್ಟಿನ ಚೌಕ ಸೆಲ್ಲು ತಗದು
ಮೀಟರ್ ಪಕ್ಕದಾಗ ಇದ್ರೂನೂ
ನಾಲಿಗಿ ತುದಿಗೆ ಹಚ್ಚಿದೆ.

ಹುಳಿ ಐತಿ ಇನ್ನ.